ಎಲ್ಲಿ ಸೋರುತ್ತಿದೆ ಎಂದು ಕೇಳುವ ಮೊದಲು ಯಾವಾಗ ಸೋರುತ್ತಿದೆ ಎಂದು ಕೇಳಿ

ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಮನೆಯೊಳಗೆ ಜಗಳ ಹುಟ್ಟಲು ದೊಡ್ಡ ಕಾರಣ ಬೇಕಿಲ್ಲ. ಸಂಪಿನ ಮುಚ್ಚಳ ತೆಗೆದಾಗ ನೀರು ನೆನೆಸಿದ್ದಕ್ಕಿಂತ ಕೆಳಗೆ ಕಂಡರೆ ಸಾಕು. ನಮ್ಮ ಮನೆಯಲ್ಲಿ ಸಾಲಾಗಿ ಎರಡು ಸರದಿ ಹೀಗಾಯಿತು. ನಳ ಬಂದ ಸಂಜೆ ತುಂಬಿ ನಿಂತ ಸಂಪು ಬೆಳಗಾಗುವುದರೊಳಗೆ ಒಂದೂವರೆ ಅಡಿ ಇಳಿದಿತ್ತು. ಅವ್ವ ಮೊಮ್ಮಕ್ಕಳ ಸ್ನಾನದ ಕಡೆ ಬೊಟ್ಟು ಮಾಡಿದಳು. ಮಕ್ಕಳು ನಾನು ಬೈಕು ತೊಳೆದದ್ದನ್ನು ನೆನಪಿಸಿದರು. ಪೈಪಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಏಕೆಂದರೆ ಅದು ನೆಲದೊಳಗೆ ಹೂತಿತ್ತು.

ಕೊನೆಗೆ ಕರೆಸಿದ ಪ್ಲಂಬರ್ ಪಾನಾ ಕೆಳಗಿಡುವ ಮೊದಲೇ ಒಂದು ಮಾತು ಕೇಳಿದ: “ಸರ್ರ, ನೀರ ಎಲ್ಲಿ ಹೊಂಟಾವು ಅನ್ನೂದು ಆಮ್ಯಾಲ. ಯಾವಾಗ ಕಡಿಮಿ ಆಗ್ತಾವು, ಅದನ್ನ ಮೊದಲ ಹೇಳ್ರಿ.”

ಆಗ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಸಿಕ್ಕ ಮೇಲೆ ಪೈಪು ಸಿಗಲು ಅರ್ಧ ದಿನವೂ ಹಿಡಿಯಲಿಲ್ಲ. ಆ ಪ್ರಶ್ನೆಗೆ ಅಷ್ಟು ತೂಕ ಯಾಕೆ ಎಂಬುದು ತಿಳಿಯಬೇಕಾದರೆ ಪೈಪಿನೊಳಗೆ ಏನು ನಡೆಯುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

## ಒತ್ತಡ ಅಂದರೆ ಎತ್ತರದ ಲೆಕ್ಕ

ತುಂಬಿದ ಕೊಡದ ಕುತ್ತಿಗೆಯ ಹತ್ತಿರ ತೂತು ಬಿದ್ದರೆ ನೀರು ಮೆಲ್ಲಗೆ ಜಿನುಗುತ್ತದೆ, ತಳದಲ್ಲಿ ಬಿದ್ದರೆ ಚಿಮ್ಮುತ್ತದೆ. ತೂತಿನ ಮೇಲೆ ಎಷ್ಟು ಎತ್ತರದ ನೀರು ನಿಂತಿದೆಯೋ ಅಷ್ಟು ಒತ್ತಡ. ಲೆಕ್ಕ ಸುಲಭ: 10 ಮೀಟರ್ ಎತ್ತರದ ನೀರು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ ಭಾರ ಹಾಕುತ್ತದೆ. ಮಾಳಿಗೆಯ ಮೇಲಿನ ಟಾಕಿ ಅಡುಗೆಮನೆಯ ನಳಕ್ಕಿಂತ ಮೂರೂವರೆ ಮೀಟರ್ ಮೇಲಿದ್ದರೆ ಆ ನಳದ ಮೇಲಿನ ಒತ್ತಡ ಅದರ ಮೂರನೇ ಒಂದು ಪಾಲು. ಪೈಪು ದಪ್ಪವಿದೆಯೋ ಸಣ್ಣದೋ, ಟಾಕಿ ಐನೂರು ಲೀಟರಿನದೋ ಎರಡು ಸಾವಿರದ್ದೋ, ನಿಂತ ನೀರಿನ ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಎತ್ತರವೊಂದೇ ಲೆಕ್ಕ.

ಈ ಸಂಗತಿ ನಮ್ಮ ಊರಿಗೆ ಹೊಸದಲ್ಲ. ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿದಾಗ ಅಲ್ಲಿಂದ ಊರೊಳಗೆ ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿ. ಸುಟ್ಟ ಮಣ್ಣಿಗೆ ಒತ್ತಡ ತಾಳುವ ಶಕ್ತಿ ಕಡಿಮೆ. ಅದಕ್ಕೆ ಕೊಳವೆಗಳ ಸುತ್ತ ಗಾರೆ ಕಟ್ಟಿದರು, ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ನೀರು ಗೋಪುರದೊಳಗೆ ಏರಿ, ಗಾಳಿಗೆ ತೆರೆದುಕೊಂಡು, ಮತ್ತೆ ಇಳಿದು ಮುಂದೆ ಸಾಗುತ್ತಿತ್ತು. ಕೊಳವೆ ಒಡೆಯುವಷ್ಟು ಒತ್ತಡ ಕೂಡಿಕೊಳ್ಳುವ ಮೊದಲೇ ಅದು ಗೋಪುರದಲ್ಲಿ ಕರಗುತ್ತಿತ್ತು, ಜೊತೆಗೆ ಕೆಸರೂ ಅಲ್ಲೇ ತಂಗುತ್ತಿತ್ತು. ಊರೊಳಗೆ ಇಂದಿಗೂ ನಿಂತಿರುವ ಗಂಜ್‌ಗಳನ್ನು ಹಳೇ ಕಾವಲು ಗೋಪುರ ಅಂದುಕೊಂಡು ಹಾದು ಹೋಗುವವರೇ ಬಹಳ. ನಮ್ಮ ಮನೆಯ ಟಾಕಿಯ ಪಕ್ಕ ಮೇಲೆ ಬಾಯಿ ತೆರೆದು ನಿಂತ ಗಾಳಿ ಪೈಪೂ ಅದೇ ಜಾತಿಯ ಸಣ್ಣ ಗಂಜ್. ಅದಕ್ಕೆ ಕಸ ಬೀಳುತ್ತದೆಂದು ಮುಚ್ಚಳ ಬಿಗಿಯಬಾರದು, ಜಾಳಿಗೆ ಕಟ್ಟಬಹುದು.

ನಿಂತ ನೀರಿನ ಒತ್ತಡ ಇಷ್ಟಾಯಿತು. ಓಡುವ ನೀರನ್ನು ತಟ್ಟನೆ ನಿಲ್ಲಿಸಿದರೆ ಕತೆ ಬೇರೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಓಡುತ್ತಿರುವ ನೀರಿಗೆ ಕಬ್ಬಿಣದ ಪೈಪಿನಲ್ಲಿ ಒಮ್ಮೆಲೇ ತಡೆ ಬಿದ್ದರೆ, ಕ್ಷಣ ಮಾತ್ರ ಅಲ್ಲಿ ಏಳುವ ಒತ್ತಡ ನೂರು ಮೀಟರಿಗೂ ಮಿಕ್ಕ ನೀರಿನ ಕಂಬದ್ದು. ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಒಂದರ ಮೇಲೊಂದು ಎರಡು ಗೋಳಗುಮ್ಮಟ ನಿಲ್ಲಿಸಿ ನೀರು ತುಂಬಿದ ಹಾಗೆ. ಪ್ಲಾಸ್ಟಿಕ್ ಪೈಪು ತುಸು ಹಿಗ್ಗುವುದರಿಂದ ಅದರಲ್ಲಿ ಈ ಗುದ್ದು ಕಡಿಮೆ. ಮನೆಯಲ್ಲಿ ಪೂರ್ತಿ ಗುದ್ದು ಬೀಳುವುದು ಅಪರೂಪವೇ, ಆದರೆ ಅದರ ಒಂದು ಪಾಲು ದಿನಕ್ಕೆ ಹತ್ತು ಸಲ ಬಿದ್ದರೂ ಹಳೇ ಜಾಯಿಂಟ್ ಸಡಿಲಾಗುತ್ತದೆ. ಕಾಲು ಸುತ್ತಿಗೇ ಬಂದ್ ಆಗುವ ಹೊಸ ನಮೂನೆಯ ನಳ ಮುಚ್ಚಿದಾಗ ಗೋಡೆಯೊಳಗೆ ‘ಢಬ್’ ಎಂದದ್ದು, ಮೋಟರ್ ನಿಂತ ಕೂಡಲೇ ಪೈಪು ‘ಢಣ್’ ಎಂದದ್ದು ಇದೇ ಗುದ್ದಿನ ಸದ್ದು. ನಳವನ್ನು ನಿಧಾನಕ್ಕೆ ತಿರುವಿದರೆ ಮೊದಲನೆಯದು ಅಲ್ಲಿಗೇ ನಿಲ್ಲುತ್ತದೆ.

## ನಮ್ಮ ಕಡೆ ಪೈಪು ಒಡೆಯುವ ಕಾರಣ

ಚಳಿ ದೇಶಗಳಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತದೆ. ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಅದರ ಬಗ್ಗೆಯೇ. ನಮಗೆ ಆ ತಾಪತ್ರಯವಿಲ್ಲ. ನಮಗಿರುವುದು ಎರೆಮಣ್ಣು.

ಎರೆ ಹೊಲ ನೋಡಿದವರಿಗೆ ಗೊತ್ತು, ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮನೆ ಕಟ್ಟಿದ ಜಾಗದಲ್ಲೂ ಅಡಿಯ ಮಣ್ಣಿನ ಗುಣ ಬದಲಾಗುವುದಿಲ್ಲ. ಒಂದು ತುದಿ ಮನೆಯ ಗೋಡೆಗೆ, ಇನ್ನೊಂದು ತುದಿ ಸಂಪಿನ ಕಾಂಕ್ರೀಟಿಗೆ ಬಿಗಿದುಕೊಂಡಿರುವ ಪೈಪನ್ನು ನಡುವಿನ ಮಣ್ಣು ವರ್ಷಕ್ಕೊಮ್ಮೆ ಮೇಲೆತ್ತಿ ಕೆಳಗಿಳಿಸುತ್ತದೆ. ಪೈಪು ಬಾಗುತ್ತದೆ, ಆದರೆ ಜಾಯಿಂಟ್ ಬಾಗುವುದಿಲ್ಲ. ಅದಕ್ಕೇ ಬಿರುಕು ಬಹುತೇಕ ಮೂಲೆ ತಿರುಗಿಸುವ ಎಲ್ಬೋ ಅಥವಾ ಎರಡು ಪೈಪು ಕೂಡಿಸುವ ಸಾಕೆಟ್‌ನಲ್ಲೇ ಸಿಗುತ್ತದೆ, ಅದೂ ಕಡು ಬೇಸಿಗೆಯಲ್ಲಿ ಇಲ್ಲವೇ ಮೊದಲ ದೊಡ್ಡ ಮಳೆಯ ನಂತರ.

ಎರಡನೆಯದು ಬಿಸಿಲು. ಪಿ.ವಿ.ಸಿ. ಪೈಪು ಬಿಸಿಗೆ ಉದ್ದವಾಗುತ್ತದೆ: ಮಾಳಿಗೆಯ ಮೇಲೆ 10 ಮೀಟರ್ ಉದ್ದದ ಪೈಪು ಬೆಳಗಿಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಾದರೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ. ಕ್ಲಾಂಪ್ ಹೊಡೆದು ಅಲುಗದಂತೆ ಬಿಗಿದಿದ್ದರೆ ಆ ಎರಡು ಸೆಂಟಿಮೀಟರ್ ಹೋಗಿ ಗುದ್ದುವುದು ಮೂಲೆಯ ಎಲ್ಬೋಗೆ. ಇದರ ಜೊತೆ ಸೂರ್ಯನ ನೇರಳಾತೀತ ಕಿರಣ ಪ್ಲಾಸ್ಟಿಕ್ಕನ್ನು ವರ್ಷಗಳ ಕಾಲ ತಿಂದು ಪುಡಿಪುಡಿ ಮಾಡುತ್ತದೆ. ಹಳೇ ಪೈಪನ್ನು ಬೆರಳಿಂದ ಉಜ್ಜಿದರೆ ಸುಣ್ಣದಂಥ ಪುಡಿ ಅಂಟುತ್ತದಲ್ಲ, ಅದು ಇದರ ಗುರುತು. ಬಿಳಿ ಪೇಂಟ್ ಬಳಿಯುವುದು ಅಗ್ಗದ ಮತ್ತು ನಿಜವಾಗಿ ಕೆಲಸ ಮಾಡುವ ಉಪಾಯ.

ಸತು ಲೇಪಿಸಿದ ಕಬ್ಬಿಣದ ಹಳೇ ಜಿ.ಐ. ಪೈಪಿನದು ಬೇರೆ ಕತೆ, ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬೋರಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿ ದಾರಿ ಕಿರಿದು ಮಾಡುತ್ತದೆ. ಇದರಲ್ಲಿ ಒಂದು ಅನುಕೂಲವೂ ಇದೆ: ಹನಿಹನಿ ಸೋರುವ ಜಾಯಿಂಟಿನ ಮೇಲೆ ನೀರು ಆರಿ ಬಿಳಿ ಹಕ್ಕಳೆ ಉಳಿಯುತ್ತದೆ. ನೀರು ಕಾಣದಿದ್ದರೂ ಹಕ್ಕಳೆ ಕಾಣುತ್ತದೆ.

ಇನ್ನು ಸರದಿಯ ಮೇಲೆ ನೀರು ಬರುವ ಊರುಗಳಿಗೇ ಮೀಸಲಾದ ಒಂದು ಕಾಟ ಇದೆ. ನೀರು ನಿಂತ ಮೇಲೆ ಬೀದಿಯ ಪೈಪು ಖಾಲಿಯಾಗಿ ಗಾಳಿ ತುಂಬುತ್ತದೆ. ಮುಂದಿನ ಸರದಿಯಲ್ಲಿ ನೀರು ಆ ಗಾಳಿಯನ್ನು ಅಟ್ಟಿಕೊಂಡು ಬರುತ್ತದೆ. ನಳ ಮೊದಲು ಬುಸುಗುಟ್ಟಿ, ಕೆಮ್ಮಿ, ಆಮೇಲೆ ನೀರು ಬಿಡುವುದು ಇದಕ್ಕೇ. ಪ್ರತಿ ಸರದಿಗೂ ಖಾಲಿಯಾಗಿ ತುಂಬುವ ಪೈಪು, ಸದಾ ತುಂಬಿರುವ ಪೈಪಿಗಿಂತ ಹೆಚ್ಚು ಏಟು ತಿನ್ನುತ್ತದೆ.

## ಸಣ್ಣ ತೂತಿನ ಲೆಕ್ಕ

ಹನಿಯುವ ನಳದ ಕೆಳಗೆ 200 ಮಿಲಿಲೀಟರಿನ ಲೋಟ ಇಟ್ಟು ಗಡಿಯಾರ ನೋಡಿ. ಹತ್ತು ನಿಮಿಷದಲ್ಲಿ ತುಂಬಿದರೆ ದಿನಕ್ಕೆ 144 ಲೋಟ, ಅಂದರೆ 28.8 ಲೀಟರ್, ಹೆಚ್ಚುಕಡಿಮೆ ಎರಡು ಕೊಡ. ವಾಶರ್ ಬದಲಿಸಿದರೆ ಮುಗಿಯುವ ಕೆಲಸ.

ಪೈಪಿನ ತೂತು ಹಾಗಲ್ಲ. ಟಾಕಿಯಿಂದ ಮೂರೂವರೆ ಮೀಟರ್ ಕೆಳಗೆ 3 ಮಿಲಿಮೀಟರಿನ ತೂತು ಬಿದ್ದರೆ ನಿಮಿಷಕ್ಕೆ ಎರಡು ಲೀಟರಿನಷ್ಟು ಹೋಗುತ್ತದೆ. ರಾತ್ರಿ ಹತ್ತಕ್ಕೆ ತುಂಬಿಟ್ಟ ಸಾವಿರ ಲೀಟರಿನ ಟಾಕಿ ಬೆಳಗ್ಗೆ ಆರಕ್ಕೆ ಬರಿದು. ತೂತಿನ ಅಗಲ ಇಮ್ಮಡಿಯಾದರೆ ಹೋಗುವ ನೀರು ನಾಲ್ಮಡಿಯಾಗುತ್ತದೆ, ಆದ್ದರಿಂದ ‘ಸ್ವಲ್ಪ ದೊಡ್ಡದಾಗಿದೆ’ ಎನ್ನುವ ಮಾತಿಗೆ ಅರ್ಥವೇ ಇಲ್ಲ.

## ಸೋರಿಕೆಗೂ ಒಂದು ಹೊತ್ತು ಇರುತ್ತದೆ

ಈಗ ಪ್ಲಂಬರನ ಪ್ರಶ್ನೆಗೆ ಬರೋಣ. ಮನೆಯ ನೀರಿನ ದಾರಿ ಒಂದೇ ಪೈಪಲ್ಲ. ಬೀದಿಯಿಂದ ಸಂಪಿಗೆ ಒಂದು ಪೈಪು, ಸಂಪಿನಿಂದ ಮೋಟರ್ ಮೂಲಕ ಟಾಕಿಗೆ ಏರುವುದು ಇನ್ನೊಂದು, ಟಾಕಿಯಿಂದ ನಳಗಳಿಗೆ ಇಳಿಯುವುದು ಮತ್ತೊಂದು. ಬಳಸಿದ ನೀರು ಗಟಾರಿಗೆ ಹೋಗುವ ಪೈಪು ಬೇರೆಯೇ. ಇವುಗಳಲ್ಲಿ ಒತ್ತಡ ಏಳುವ ಹೊತ್ತು ಒಂದೊಂದರದು ಒಂದೊಂದು. ಒತ್ತಡ ಇದ್ದಾಗಲೇ ಸೋರಿಕೆ. ಹೊತ್ತು ಗೊತ್ತಾದರೆ ಯಾವ ಪೈಪು ಎಂಬುದು ಗೊತ್ತಾದಂತೆ.

ನಳ ಬಂದ ದಿನ ಮಾತ್ರ ಅಂಗಳ ಒದ್ದೆಯಾಗಿ ಮರುದಿನಕ್ಕೆ ಆರಿದರೆ ತಪ್ಪು ಬೀದಿಯಿಂದ ಸಂಪಿನವರೆಗಿನ ಪೈಪಿನದು. ಮೀಟರ್ ಇದ್ದವರು ಖಚಿತ ಮಾಡಿಕೊಳ್ಳಬಹುದು: ನೀರು ಬರುತ್ತಿರುವಾಗ ಸಂಪಿನ ಬಾಯಿಯಲ್ಲಿರುವ ವಾಲ್ ಬಂದ್ ಮಾಡಿ, ಮೀಟರಿನ ಮುಖದ ಮೇಲಿನ ಪುಟ್ಟ ಚಕ್ರವನ್ನು ಕಣ್ಣಿಟ್ಟು ನೋಡಿ. ಎಲ್ಲೂ ನೀರು ಬೀಳದಿದ್ದರೂ ಅದು ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ಸೋರುತ್ತಿದೆ. ಈ ಪರೀಕ್ಷೆಯನ್ನು ನಳ ಬಂದ ಮೊದಲ ನಿಮಿಷಗಳಲ್ಲಿ ಮಾಡಬೇಡಿ. ಆಗ ಗಾಳಿಯೂ ಚಕ್ರ ತಿರುಗಿಸುತ್ತದೆ.

ಮೋಟರ್ ಹಚ್ಚಿದಾಗ ಮಾತ್ರ ಗೋಡೆಯ ಮೇಲೆ ಒದ್ದೆ ಕಂಡರೆ ಏರು ಪೈಪನ್ನು ಸಂಶಯಪಡಿ. ಟಾಕಿ ತುಂಬಲು ಎಷ್ಟು ನಿಮಿಷ ಬೇಕು ಎಂದು ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಬಹಳ ಉಪಯೋಗ. ಇಪ್ಪತ್ತು ನಿಮಿಷದ ಕೆಲಸ ಮೂವತ್ತಕ್ಕೆ ಹೋದರೆ ನೀರು ದಾರಿಯಲ್ಲಿ ಇಳಿದುಹೋಗುತ್ತಿದೆ, ಇಲ್ಲವೇ ಮೋಟರ್ ಸೋತಿದೆ. ಮೋಟರ್ ನಿಂತ ಮೇಲೂ ಏರು ಪೈಪಿನಲ್ಲಿ ನೀರು ನಿಂತಿರುತ್ತದೆ, ಅದು ಬಿರುಕಿನಿಂದ ಇಳಿದು ಹೋದರೆ ಮರುದಿನ ಮೋಟರ್ ನೀರೆತ್ತಲು ತಿಣುಕುತ್ತದೆ.

ಹಗಲು ರಾತ್ರಿ ಎನ್ನದೆ ಇಳಿಯುತ್ತಿದ್ದರೆ ಟಾಕಿ ಅಥವಾ ಇಳಿ ಪೈಪು. ಇದಕ್ಕೆ ಎರಡು ರಾತ್ರಿಯ ಪರೀಕ್ಷೆ ಬೇಕು. ಮೊದಲ ರಾತ್ರಿ ಎಲ್ಲರೂ ಮಲಗಿದ ಮೇಲೆ ಎಲ್ಲ ನಳ ಮುಚ್ಚಿ, ಟಾಕಿಯೊಳಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿ. ಬೆಳಗ್ಗೆ ಯಾರೂ ನಳ ತಿರುವುವ ಮೊದಲು ಅದೇ ಕೋಲು ಇಳಿಸಿ ನೋಡಿ. ಮಟ್ಟ ಇಳಿದಿದ್ದರೆ ಎರಡನೇ ರಾತ್ರಿ ಟಾಕಿಯ ಕೆಳಗಿನ ವಾಲ್ ಬಂದ್ ಮಾಡಿ ಮತ್ತೆ ಅಳೆಯಿರಿ. ಈ ಸಲ ಮಟ್ಟ ಇಳಿಯದಿದ್ದರೆ ಟಾಕಿ ಸರಿಯಿದೆ, ಪೈಪು ತಪ್ಪಿತಸ್ಥ. ಈ ಸಲವೂ ಇಳಿದರೆ ಟಾಕಿಯೇ ಸೀಳಿದೆ, ಅಥವಾ ವಾಲ್ ಪೂರ್ತಿ ಮುಚ್ಚುತ್ತಿಲ್ಲ.

ಯಾರಾದರೂ ಸ್ನಾನ ಮಾಡಿದ ಮೇಲೆಯೇ ಪಕ್ಕದ ಕೋಣೆಯ ಗೋಡೆ ಹಸಿಯಾದರೆ ಅದು ಬಚ್ಚಲಿನ ನೆಲದ ಅಥವಾ ಗಟಾರು ಪೈಪಿನ ಸೋರಿಕೆ. ಮಳೆಯಾದ ಮೇಲೆ ಮಾತ್ರ ಕಂಡರೆ ಮಾಳಿಗೆ ನೋಡಿ. ಗೋಡೆಯ ಬುಡದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ವರ್ಷವಿಡೀ ಹಸಿ, ಬಿಳಿ ಉಪ್ಪು, ಉದುರುವ ಗಿಲಾವು ಕಂಡರೆ ಅದು ಪೈಪಿನದ್ದೇ ಆಗಬೇಕಿಲ್ಲ, ಮಣ್ಣಿನ ತೇವ ಬತ್ತಿಯಲ್ಲಿ ಎಣ್ಣೆ ಏರಿದಂತೆ ಗೋಡೆ ಏರಿರಬಹುದು. ಇದನ್ನು ಪೈಪು ಅಂದುಕೊಂಡು ಗೋಡೆ ಒಡೆಸಿ ಕೈ ಸುಟ್ಟುಕೊಂಡವರನ್ನು ಕಂಡಿದ್ದೇನೆ.

## ನಮ್ಮ ಸಂಪಿನ ಒಗಟು

ಸಂಪಿಗೆ ಇನ್ನೊಂದು ಸೂತ್ರವಿದೆ. ನೀರು ತೂತಿನವರೆಗೆ ಮಾತ್ರ ಇಳಿಯುತ್ತದೆ, ಅದರ ಕೆಳಗೆ ಇಳಿಯಲಾರದು. ಹಾಗಾಗಿ ಮಟ್ಟ ಎಲ್ಲಿಗೆ ಬಂದು ನಿಲ್ಲುತ್ತದೋ ಅದೇ ತೂತಿನ ಎತ್ತರ.

ಮುಂದಿನ ಸರದಿಗೆ ಸೀಮೆಸುಣ್ಣ ಹಿಡಿದು ಕೂತೆವು. ನಳ ಬಂದು ನಿಂತಾಗ ರಾತ್ರಿ ಒಂಬತ್ತು. ಒಂದು ಗೀಟು ಹಾಕಿದೆವು. ಬೆಳಗ್ಗೆ ಆರಕ್ಕೆ ನೀರು ನೆಲದ ಮಟ್ಟದಿಂದ ಸರಿಯಾಗಿ ಎರಡಡಿ ಕೆಳಗಿತ್ತು. ಆರಡಿ ಉದ್ದ, ಐದಡಿ ಅಗಲದ ಸಂಪಿನಲ್ಲಿ ಒಂದೂವರೆ ಅಡಿ ನೀರು ಅಂದರೆ ಸುಮಾರು 1,270 ಲೀಟರ್. ಅದಾದ ಮೇಲೆ ಎರಡು ದಿನ, ನಾವು ಬಳಸಿದ್ದು ಬಿಟ್ಟರೆ, ಒಂದಿಂಚೂ ಕದಲಲಿಲ್ಲ. ಅಂದರೆ ನಳ ಬಂದ ರಾತ್ರಿ ಮಾತ್ರ ಸೋರಿಕೆ, ಅದೂ ಎರಡಡಿಗೆ ಬಂದು ನಿಲ್ಲುವಂಥದ್ದು. ಆದರೆ ಸಂಪಿನ ಗೋಡೆಯಲ್ಲಿ ಆ ಎತ್ತರದಲ್ಲಿ ಗೀರು ಕೂಡ ಇರಲಿಲ್ಲ.

ಪ್ಲಂಬರ್ ಇದನ್ನು ಕೇಳಿ ನಕ್ಕ. ಸಂಪಿಗೆ ಬೀಳುವ ಪೈಪಿನ ಬಾಯಿಗೆ ನಾವು ಯಾವಾಗಲೋ ಒಂದು ಉದ್ದ ರಬ್ಬರ್ ಪೈಪು ಸಿಕ್ಕಿಸಿದ್ದೆವು, ರಾತ್ರಿ ನೀರು ಬೀಳುವ ಸದ್ದಿಗೆ ನಿದ್ದೆ ಕೆಡುತ್ತದೆಂದು. ಅದರ ತುದಿ ಸಂಪಿನ ತಳದಲ್ಲಿ ಮುಳುಗಿತ್ತು. ನಳ ನಿಂತ ಮೇಲೆ ಮೀಟರ್ ಬಳಿಯ ವಾಲ್ ಬಂದ್ ಮಾಡುವುದು ನಮ್ಮ ರೂಢಿ. ಆದರೆ ವಾಲಿಗೂ ಸಂಪಿಗೂ ನಡುವೆ ನೆಲದೊಳಗೆ ಎರಡಡಿ ಆಳದಲ್ಲಿ ಒಂದು ಸಾಕೆಟ್ ಬಿರಿದಿತ್ತು. ಡಬ್ಬಿಯಿಂದ ಸೀಮೆಎಣ್ಣೆ ತೆಗೆಯಲು ಪೈಪು ಇಳಿಬಿಟ್ಟು ಒಮ್ಮೆ ಎಳೆದರೆ ಆಮೇಲೆ ತಾನಾಗಿ ಹರಿಯುತ್ತದಲ್ಲ, ಹಾಗೆಯೇ ಮುಳುಗಿದ ಪೈಪಿನ ಮೂಲಕ ಸಂಪಿನ ನೀರು ಮೇಲೇರಿ, ಅಂಚು ದಾಟಿ, ಆ ಬಿರುಕಿನಿಂದ ಮಣ್ಣಿಗಿಳಿಯುತ್ತಿತ್ತು. ಸಂಪಿನ ಮಟ್ಟ ಬಿರುಕಿನ ಮಟ್ಟಕ್ಕೆ ಬಂದಾಗ ತಾನೇ ನಿಲ್ಲುತ್ತಿತ್ತು.

ಎರಡಡಿ ಆಳ ಅಂತ ಗೊತ್ತಿತ್ತು, ಜಾಗ ಮಾತ್ರ ಉಳಿದಿತ್ತು. ಅದನ್ನು ಓಣಿಯ ನಾಯಿ ತೋರಿಸಿತು. ಕೆಲವು ದಿನಗಳಿಂದ ಅದು ಮಧ್ಯಾಹ್ನ ಗೇಟಿನ ಬಲಕ್ಕೆ ಒಂದೇ ಕಡೆ ಮಣ್ಣು ಕೆದರಿ ಹೊಟ್ಟೆ ಹಚ್ಚಿ ಮಲಗುತ್ತಿತ್ತು. ಅಗೆದಾಗ ಸಾಕೆಟ್ ಸಿಕ್ಕಿದ್ದು ಅಲ್ಲೇ. ಎರೆಮಣ್ಣು ಬಿರಿದು ಪೈಪನ್ನು ಸಾಕೆಟ್‌ನಿಂದ ಹೊರಗೆ ಜಗ್ಗಿತ್ತು.

ಸಂಪಿಗೆ ನೀರು ಬೀಳುವ ಬಾಯಿ ಯಾವತ್ತೂ ತುಂಬಿದ ಮಟ್ಟಕ್ಕಿಂತ ಮೇಲಿರಬೇಕು. ನಮ್ಮ ರಬ್ಬರ್ ಪೈಪನ್ನು ಅವತ್ತೇ ಕತ್ತರಿಸಿದೆವು. ಸದ್ದಿಗೆ ಈಗ ಯಾರಿಗೂ ಎಚ್ಚರವಾಗುವುದಿಲ್ಲ, ಅದು ಬೇರೆ ಮಾತು.

## ಅರಿಶಿನ, ಲೋಟ ಮತ್ತು ಹಸಿರು ಹುಲ್ಲು

ಸದ್ದಿಲ್ಲದೆ ನೀರು ಕುಡಿಯುವ ಜಾಗ ಒಂದಿದೆ: ಪಾಯಖಾನೆಯ ಫ್ಲಶ್ ಟ್ಯಾಂಕ್. ಒಳಗಿನ ರಬ್ಬರ್ ಸವೆದರೆ ನೀರು ಸದಾ ಕೆಳಗಿಳಿಯುತ್ತದೆ, ಕಾಣುವುದಿಲ್ಲ. ಟ್ಯಾಂಕಿಗೆ ಒಂದು ಚಮಚ ಅರಿಶಿನವನ್ನೋ ಬಟ್ಟೆಗೆ ಹಾಕುವ ನೀಲಿಯನ್ನೋ ಕದಡಿ, ಅರ್ಧ ತಾಸು ಯಾರೂ ಬಳಸದಂತೆ ನೋಡಿಕೊಳ್ಳಿ. ಕೆಳಗಿನ ಬೇಸಿನ್‌ನಲ್ಲಿ ಬಣ್ಣ ಕಂಡರೆ ರಬ್ಬರ್ ಹೋಗಿದೆ.

ಗೋಡೆಯೊಳಗಿನ ಸೋರಿಕೆಗೆ ಕಿವಿ ಬೇಕು. ರಾತ್ರಿ ಊರು ಮಲಗಿದ ಮೇಲೆ ಸ್ಟೀಲ್ ಲೋಟದ ಬಾಯನ್ನು ಗೋಡೆಗೆ, ತಳವನ್ನು ಕಿವಿಗೆ ಹಚ್ಚಿ ಪೈಪು ಹೋದ ದಾರಿಯಲ್ಲಿ ಸರಿಸುತ್ತ ಬನ್ನಿ. ಒತ್ತಡದಲ್ಲಿ ಸಣ್ಣ ಬಿರುಕಿನಿಂದ ಹೊರಬೀಳುವ ನೀರು ಹಾವು ಬುಸುಗುಟ್ಟಿದಂತೆ ಕೇಳುತ್ತದೆ, ಬಿರುಕಿನ ಹತ್ತಿರ ಹೋದಷ್ಟೂ ಜೋರು. ಹಿತ್ತಲಲ್ಲಿ ಮೇ ತಿಂಗಳಲ್ಲೂ ಒಂದು ಮೊಳ ಜಾಗದಲ್ಲಿ ಮಾತ್ರ ಹುಲ್ಲು ಹಸಿರಾಗಿದ್ದರೆ, ಫರಸಿಯ ಒಂದು ಕಲ್ಲು ಕುಸಿದು ಅಲುಗಾಡುತ್ತಿದ್ದರೆ, ಅದರ ಕೆಳಗೆ ಏನು ಹಾದಿದೆ ಎಂದು ಯೋಚಿಸಿ.

## ಪೈಪು ಒಡೆದೇ ಬಿಟ್ಟರೆ

ಮೊದಲು ನೋಡಬೇಕಾದದ್ದು ಕರೆಂಟು, ನೀರು ಆಮೇಲೆ. ನೀರು ಸ್ವಿಚ್ ಬೋರ್ಡ್ ಅಥವಾ ಮೋಟರಿನ ಕಡೆ ಹರಿಯುತ್ತಿದ್ದರೆ, ಒಣ ಜಾಗದಲ್ಲಿ ನಿಂತು ಒಣ ಕೈಯಿಂದ ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಸ್ವಿಚ್ ಇರುವ ಜಾಗವೇ ಒದ್ದೆಯಾಗಿದ್ದರೆ ಮುಟ್ಟಬೇಡಿ, ಮನೆಯವರನ್ನು ಹೊರಗೆ ಕರೆದುಕೊಂಡು ಬಂದು ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಆಮೇಲೆ ವಾಲ್. ಟಾಕಿಯ ಕೆಳಗಿನದೋ ಮೀಟರ್ ಬಳಿಯದೋ ಎಂಬುದು ಒಡೆದ ಪೈಪು ಯಾವುದು ಎಂಬುದರ ಮೇಲೆ. ಗೊತ್ತಾಗದಿದ್ದರೆ ಎರಡನ್ನೂ ಮುಚ್ಚಿ, ಮೋಟರ್ ಹಚ್ಚದಂತೆ ನೋಡಿಕೊಳ್ಳಿ. ಚಕ್ರದಂಥ ಹಿಡಿಕೆಯ ಗೇಟ್ ವಾಲ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ, ಹಲವು ಸುತ್ತು ಬೇಕು. ಉದ್ದ ಹಿಡಿಕೆಯ ಬಾಲ್ ವಾಲ್‌ಗೆ ಕಾಲು ಸುತ್ತು ಸಾಕು: ಹಿಡಿಕೆ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡ ನಿಂತರೆ ಮುಚ್ಚಿದೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ ಗಡಸು ನೀರಿಗೆ ಕಚ್ಚಿಕೊಂಡಿರುತ್ತದೆ, ಅವಸರದಲ್ಲಿ ತಿರುವಿದರೆ ಹಿಡಿಕೆಯೇ ಕೈಗೆ ಬರುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತಿದ್ದರೆ ಈ ಫಜೀತಿ ಇಲ್ಲ. ವಾಲ್ ಇಲ್ಲದ ಹಳೇ ಟಾಕಿಯಾದರೆ ಮೇಲೆ ಹತ್ತಿ, ಒಳಗಿನ ತೂತಿಗೆ ಬಟ್ಟೆ ಸುತ್ತಿದ ಕಟ್ಟಿಗೆ ತುಂಡು ತುರುಕಿ. ಚಂದ ಕಾಣುವುದಿಲ್ಲ, ಕೆಲಸ ಆಗುತ್ತದೆ.

ಗೀಜರ್ ಆಫ್ ಮಾಡುವುದನ್ನು ಮರೆಯಬೇಡಿ. ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಕೊನೆಗೆ ಮನೆಯಲ್ಲೇ ಎಲ್ಲಕ್ಕಿಂತ ಕೆಳಗಿರುವ ನಳದಡಿ ಬಕೆಟ್ ಇಟ್ಟು ತೆರೆದುಬಿಡಿ. ಪೈಪಿನಲ್ಲಿ ಉಳಿದ ನೀರು ಗೋಡೆಗೆ ಇಳಿಯುವ ಬದಲು ಬಕೆಟ್‌ಗೆ ಬರುತ್ತದೆ.

ಪ್ಲಂಬರ್ ಬರುವವರೆಗೆ ಸೈಕಲ್ ಟ್ಯೂಬ್ ಸೀಳಿ, ಜಗ್ಗಿ ಜಗ್ಗಿ ಬಿರುಕಿನ ಮೇಲೆ ಸುತ್ತಿ, ಎರಡೂ ತುದಿಗೆ ತಂತಿ ಅಥವಾ ಕ್ಲಿಪ್ ಬಿಗಿದರೆ ಸಣ್ಣ ಸೋರಿಕೆ ಒಂದೆರಡು ದಿನ ತಡೆಯುತ್ತದೆ. ಎಂ-ಸೀಲ್ ಕೂಡ ಹಿಡಿಯುತ್ತದೆ, ಆದರೆ ಒಣಗಿದ, ಉಜ್ಜಿ ಸ್ವಚ್ಛ ಮಾಡಿದ ಪೈಪಿನ ಮೇಲೆ ಮಾತ್ರ. ನೀರು ಚಿಮ್ಮುತ್ತಿರುವಾಗಲೇ ಮೆತ್ತಿದರೆ ಅದು ಕೈಗೆ ಅಂಟುತ್ತದೆ, ಪೈಪಿಗಲ್ಲ.

ಮೀಟರಿನಿಂದ ಆಚೆ, ಬೀದಿಯಲ್ಲಿ ಒಡೆದಿದ್ದರೆ ಅಗೆಯಲು ಹೋಗಬೇಡಿ. ನೀರು ಬಿಡುವ ವಾಲ್‌ಮನ್‌ಗೂ ಪಾಲಿಕೆಗೂ ತಿಳಿಸಿ.

## ಹೊರಗೆ ಹೋಗುವ ದಾರಿ ಒಳಗೆ ಬರುವ ದಾರಿಯೂ ಹೌದು

ಸೋರಿಕೆ ಅಂದರೆ ನೀರಿನ ನಷ್ಟ ಅಷ್ಟೇ ಎಂದುಕೊಂಡರೆ ಅರ್ಧವೇ ತಿಳಿದಂತೆ. ನಳ ನಿಂತು ಪೈಪಿನೊಳಗಿನ ಒತ್ತಡ ಇಲ್ಲವಾದಾಗ, ಹೊರಗಿನ ಮಣ್ಣಿನ ನೀರು ಅದೇ ಬಿರುಕಿನಿಂದ ಒಳಗೆ ಜಿನುಗುತ್ತದೆ. ಪೈಪು ಗಟಾರಿನ ಪಕ್ಕದಲ್ಲೋ ಅದನ್ನು ದಾಟಿಯೋ ಹೋಗಿದ್ದರೆ ಒಳಗೆ ಬರುವುದು ಏನು ಎಂದು ಹೇಳಬೇಕಿಲ್ಲ. ಬೀದಿ ಪೈಪಿಗೆ ನೇರ ಮೋಟರ್ ಹಚ್ಚಿ ಎಳೆಯುವುದು ನಿಯಮಕ್ಕೂ ವಿರುದ್ಧ, ಈ ಕೊಳೆಯನ್ನು ತಾನಾಗಿ ಹೀರಿಕೊಳ್ಳುವುದೂ ಹೌದು. ಮೋಟರ್ ಪೈಪಿನೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕೆಳಗಿಳಿಸುತ್ತದೆ, ಆಗ ಬಿರುಕು ಹೀರುವ ಬಾಯಾಗುತ್ತದೆ.

ಆದ್ದರಿಂದ ನಳ ಬಂದಾಗ ಮೊದಲ ಕೆಲ ನಿಮಿಷದ ನೀರು ಕುಡಿಯಲು ಬೇಡ, ಗಿಡಕ್ಕೆ ಹಾಕಿ. ಓಣಿಯ ಉಳಿದವರಿಗೆ ತಿಳಿ ನೀರು ಬಂದು ನಿಮಗೆ ಮಾತ್ರ ರಾಡಿ ಅಥವಾ ವಾಸನೆ ಬಂದರೆ, ಬಿರುಕು ಬೀದಿಯಿಂದ ನಿಮ್ಮ ಮನೆಗೆ ಬರುವ ಸರ್ವಿಸ್ ಪೈಪಿನಲ್ಲೇ ಇರುವ ಸಂಭವ ಹೆಚ್ಚು. ಅದು ಸರಿಯಾಗುವವರೆಗೆ ಕುಡಿಯುವ ನೀರನ್ನು ತಳಮಳ ಕುದಿಸಿ ಆರಿಸಿ.

## ದುರಸ್ತಿ, ಮತ್ತು ಅವಸರ ಮಾಡಬಾರದ ಜಾಗ

ಬಿರಿದ ಪಿ.ವಿ.ಸಿ. ಪೈಪಿಗೆ ಮೇಲೆ ಮೆತ್ತುವುದು ದುರಸ್ತಿಯಲ್ಲ. ಬಿರುಕಿನ ಎರಡೂ ಕಡೆ ಚೆನ್ನಾಗಿರುವ ಪೈಪು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಕೂಡಿಸಬೇಕು. ಜಾಯಿಂಟಿಗೆ ಹಚ್ಚುವ ಸಲ್ಯೂಷನ್ ಅಂಟಲ್ಲ; ಅದು ಎರಡೂ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ಆದ್ದರಿಂದ ಎರಡೂ ಮುಖ ಒಣಗಿರಬೇಕು, ಮಣ್ಣಿರಬಾರದು, ಎರಡಕ್ಕೂ ಹಚ್ಚಿ ಕಾಲು ಸುತ್ತು ತಿರುವುತ್ತ ಒಳಗೆ ತಳ್ಳಿ ಅರ್ಧ ನಿಮಿಷ ಹಿಡಿದಿರಬೇಕು. ಬಿಸಿನೀರಿನ ಸಿ.ಪಿ.ವಿ.ಸಿ. ಪೈಪಿಗೆ ಅದರದೇ ಸಲ್ಯೂಷನ್ ಬೇರೆ ಇದೆ, ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಸೋಲಾರಿನಿಂದ ಇಳಿಯುವ ಬಿಸಿನೀರಿಗೆ ಸಾದಾ ಪಿ.ವಿ.ಸಿ. ಹಾಕುವುದಂತೂ ಬೇಡವೇ ಬೇಡ, ಅದು ಮೆತ್ತಗಾಗಿ ಜೋಲುತ್ತದೆ.

ಪ್ಲಾಸ್ಟಿಕ್ ಮರೆಗೆ, ಅಂದರೆ ತಿರುಪಿನ ಗೀರಿಗೆ, ಲೋಹದ ನಳ ಕೂಡಿಸುವಾಗ ಬಲ ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಹಳ ಮಂದಿಗಿದೆ. ಆ ಬಲದಿಂದಲೇ ಕೂದಲೆಳೆಯ ಸೀಳು ಬಿದ್ದು ಆರು ತಿಂಗಳ ಮೇಲೆ ಸೋರುತ್ತದೆ. ಟೆಫ್ಲಾನ್ ಟೇಪನ್ನು ಮರೆ ಬಿಗಿಯುವ ದಿಕ್ಕಿಗೇ ಸುತ್ತಿ, ಕೈಯಿಂದ ಬಿಗಿದು, ಆಮೇಲೆ ಪಾನಾದಿಂದ ಒಂದು ಸುತ್ತಿನಷ್ಟು ಸಾಕು. ಹಿತ್ತಾಳೆ ಮರೆ ಕೂರಿಸಿದ ಫಿಟ್ಟಿಂಗ್ ಸಿಗುತ್ತವೆ, ನಳದ ಜಾಗಕ್ಕೆ ಅವೇ ಸರಿ.

ನೆಲದೊಳಗಿನ ಪೈಪು ಕೂಡಿಸಿದ ಕೂಡಲೇ ಅಗೆದ ಎರೆಮಣ್ಣನ್ನೇ ಮತ್ತೆ ತುಂಬಿದರೆ ಮುಂದಿನ ಬೇಸಿಗೆಗೆ ಅದೇ ಕತೆ. ಪೈಪಿನ ಕೆಳಗೂ ಸುತ್ತಲೂ ಒಂದು ಗೇಣು ಮರಳು ಹಾಕಿದರೆ ಮಣ್ಣು ಉಬ್ಬಿ ಕುಗ್ಗುವಾಗ ಪೈಪನ್ನು ಕಚ್ಚಿ ಎಳೆಯುವುದಿಲ್ಲ. ಪೈಪು ಸಂಪಿನ ಗೋಡೆಯನ್ನು ದಾಟುವ ಕಡೆ ಸಿಮೆಂಟಿನಲ್ಲಿ ನೇರ ಬಿಗಿಯದೆ ದೊಡ್ಡ ಪೈಪಿನ ತುಂಡೊಂದರೊಳಗೆ ತೂರಿಸಿದರೆ ಅಲ್ಲಾಡಲು ಜಾಗ ಸಿಗುತ್ತದೆ.

ಆ ದಿನ ನಾನು ಕುಣಿ ಮುಚ್ಚಲು ಸಲಿಕೆ ಹಿಡಿದಾಗ ಪ್ಲಂಬರ್ ತಡೆದ. “ತಡೀರಿ ಸರ್ರ, ಒಂದ್ ಸರತಿ ನಳಾ ಬರ್ಲಿ. ಆಮ್ಯಾಲ ಮುಚ್ಚೂಣು.” ಕುಣಿಯ ಮೇಲೆ ಹಳೇ ಬಾಗಿಲು ಅಡ್ಡ ಹಾಕಿ ಮೂರು ದಿನ ಬಿಟ್ಟೆವು. ಅವ್ವ ದಿನಾ ಬೆಳಗ್ಗೆ ಅದನ್ನು ಸುತ್ತು ಹಾಕಿ ರಂಗೋಲಿ ಬಿಟ್ಟಳು. ನಾಲ್ಕನೇ ರಾತ್ರಿ ನಳ ಬಂತು. ಬುಸುಗುಟ್ಟಿತು, ಕೆಮ್ಮಿತು, ಆಮೇಲೆ ಒಂದೇ ಸಮನೆ ಸುರಿಯಿತು. ಬಾಗಿಲು ಸರಿಸಿ ಬ್ಯಾಟರಿ ಬಿಟ್ಟು ನೋಡಿದೆ. ಸಾಕೆಟ್ ಸುತ್ತ ಬೆರಳು ಆಡಿಸಿದೆ. ಒಣಗಿತ್ತು. ಬೆಳಗ್ಗೆ ಸಂಪಿನೊಳಗೆ ನೀರು ರಾತ್ರಿಯ ಗೀಟಿನ ಮೇಲೆಯೇ ನಿಂತಿತ್ತು, ಹತ್ತು ಗಂಟೆಗೆ ಮರಳು ಬಂತು.